ಇಲ್ಲಿಂದ ಓದು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಂದವರು ಹೋಟೆಲಿನ ಶೆಟ್ಟರು. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ, "ನಿಮ್ಮ ಮೋಟಾಬೆನ್ ಹೋದ್ರಂತೆ ಕಾಣಿ, ಬರೋಡದಲ್ಲಿ. ಭಾನುವಾರ ನಮ್ಮ ಹೋಟೆಲಿನ ಮಾಳಿಗೆಯಲ್ಲಿ ಒಂದು ಸಂತಾಪ ಸಭೆ ಇಟ್ಕೊಂಡಿದ್ದೇವೆ. ಅವರ ಜೊತೆ ಕೆಲಸ ಮಾಡಿದವರು ಅಂತ ಈ ಊರಲ್ಲಿ ಉಳಿದದ್ದು ನೀವೊಬ್ರೇ. ಒಂದೆರಡು ಒಳ್ಳೆ ಮಾತು ಆಡಿ ಮಾರಾಯ್ರೆ," ಎಂದರು.

ಒಂದು ಸಿಕ್ಕೀತು, ಎರಡು ಕಷ್ಟ ಎಂದೆ. ಶೆಟ್ಟರು ನಕ್ಕರು. ಅವರ ಹತ್ತಿರವೂ ಒಂದಕ್ಕಿಂತ ಹೆಚ್ಚು ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಬದುಕಿದ್ದಾಗ ಅವರು ನಮ್ಮನ್ನೆಲ್ಲ ಆಡಿಕೊಂಡರಲ್ಲ, ಅದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಗುಜರಾತಿನಲ್ಲಿ ಶಾಲೆಯ ಮೇಡಂಗಳಿಗೆಲ್ಲ ಬೆನ್ ಎನ್ನುವುದು ರೂಢಿ, ಮುಖ್ಯೋಪಾಧ್ಯಾಯಿನಿಯಾದರೆ ಮೋಟಾಬೆನ್, ಅಂದರೆ ದೊಡ್ಡಕ್ಕ. ಅಕ್ಕನ ಗುಣ ಒಂದೂ ಇಲ್ಲದ ಹೆಂಗಸನ್ನು ಬೀದಿಯೆಲ್ಲ ದೊಡ್ಡಕ್ಕ ಎಂದು ಕರೆಯಿತು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಒಳ್ಳೆಯ ಹೆಂಗಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಯಾಕೆ ಬೇಜಾರು.

ಎಪ್ಪತ್ತರ ದಶಕದ ಕೊನೆಯ ಮಾತು. ಅಹಮದಾಬಾದಿನ ಪೂರ್ವಕ್ಕೆ, ವಟ್ವಾದ ಬಣ್ಣದ ಕಾರ್ಖಾನೆಗಳ ದಾರಿಯಲ್ಲಿ ಒಂದು ಸರಕಾರಿ ಪ್ರಾಥಮಿಕ ಶಾಲೆ. ಮುಂದೆಲ್ಲ ಗುಜರಾತಿ, ನಡುವೆ ಹಿಂದಿ, ಮೊಗಸಾಲೆಯ ಕೊನೆಗೆ ಪಾಯಖಾನೆಯ ಪಕ್ಕದ ಎರಡು ಕೋಣೆ ಕನ್ನಡ ವಿಭಾಗ. ರಾಯಚೂರು, ಗುಲ್ಬರ್ಗದ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ಬಣ್ಣದ ಪುಡಿ ಒಣಗಿಸುವವರ ಮಕ್ಕಳು, ಉಡುಪಿ ಹೋಟೆಲುಗಳ ಅಡಿಗೆಯವರ ಮಕ್ಕಳು, ಇಷ್ಟೇ ನಮ್ಮ ವಿದ್ಯಾರ್ಥಿ ಸಮೂಹ. ಹೊರಗಿನ ಚರಂಡಿಯಲ್ಲಿ ಒಂದು ದಿನ ಕೆಂಪು ನೀರು ಹರಿಯುತ್ತಿತ್ತು, ಒಂದು ದಿನ ನೀಲಿ. ಮಕ್ಕಳು ಆ ನೀರಲ್ಲಿ ಕಡ್ಡಿ ಅದ್ದಿ ಗೋಡೆಯ ಮೇಲೆ ಬರೆಯುತ್ತಿದ್ದವು. ನಾನು ತುಮಕೂರಿನವಳು. ನಮ್ಮ ಯಜಮಾನರಿಗೆ ವಿಮಾ ಕಚೇರಿಯಲ್ಲಿ ವರ್ಗವಾಗಿ ಬಂದವಳಿಗೆ ಟಿ.ಸಿ.ಎಚ್. ಆಗಿತ್ತು ಎಂಬ ಒಂದೇ ಕಾರಣಕ್ಕೆ ಆ ಕೆಲಸ ಸಿಕ್ಕಿತು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ನಮ್ಮ ಹಳೆಯ ಹೆಡ್‌ಮಾಸ್ತರು ನಿವೃತ್ತರಾದ ಮೇಲೆ ಮೋಟಾಬೆನ್ ಬಂದರು. ಧಾರವಾಡದವರು. ರೈಲ್ವೆಯಲ್ಲಿದ್ದ ಗಂಡ ಕಿರಿವಯಸ್ಸಿನಲ್ಲೇ ತೀರಿಹೋದ ಮೇಲೆ ಈ ಊರಿನಲ್ಲೇ ಗುಜರಾತಿ ಕಲಿತು, ಗುಜರಾತಿ ಶಾಲೆಗಳಲ್ಲೇ ಕಲಿಸಿ ತಲೆ ನೆರೆಸಿಕೊಂಡಿದ್ದರು. ಕುಳ್ಳಗಿನ, ಒಣಗಿದ ಹೆಂಗಸು. ಮಾತು ಕಡ್ಡಿ ಮುರಿದ ಹಾಗೆ. ಬಲಗೈಯ ತೋರುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟ. ಆ ಸೊಟ್ಟ ಬೆರಳನ್ನು ಕಂಡರೆ ಮಕ್ಕಳಿಗೆ ಮೈ ಬೆವರುತ್ತಿತ್ತು, ನನಗೂ.

ಬಂದ ದಿನ ಅವರು ಕುರ್ಚಿಯ ಮೇಲೆ ಕೂರಲಿಲ್ಲ, ನಾನು ತರಿಸಿಟ್ಟಿದ್ದ ಚಹಾ ಕುಡಿಯಲಿಲ್ಲ. ಸೀದಾ ಮಕ್ಕಳ ಪಾಯಖಾನೆಗೆ ಹೋದರು. ಮೂಗಿಗೆ ಸೆರಗು ಇಟ್ಟುಕೊಳ್ಳದೆ ಹೊರಗೆ ಬಂದು, "ಬೆನ್, ನೀವು ಎಲ್ಲಿ ಹೋಗ್ತೀರಿ?" ಎಂದು ಕೇಳಿದರು. ಮೇಡಂಗಳಿಗೆ ಅಂತ ಬೇರೆ ಒಂದು ಇತ್ತು. ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ನಾನು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ತೋರಿಸಿದೆ. "ಇಲ್ಲಿ ಕೊಡ್ರಿ," ಎಂದು ಇಸಕೊಂಡು ಚರಂಡಿಗೆ ಎಸೆದರು. ಆ ದಿನ ಕೆಂಪು ನೀರು. "ಸಾಲಿ ಹ್ಯಾಂಗದ ಅಂತ ತಿಳೀಬೇಕಂದ್ರ ರಿಜಲ್ಟ್ ನೋಡಬಾರದ್ರಿ, ಪಾಯಖಾನಿ ನೋಡಬೇಕು. ನಾಳಿಂದ ನೀವೂ ಇಲ್ಲೇ ಹೋಗ್ರಿ." ವಾರದೊಳಗೆ ಮಕ್ಕಳ ಪಾಯಖಾನೆ ಫಳಫಳ ಎನ್ನುವಂತಾಯಿತು. ತೊಳೆದವಳು ನಾನು. ಶೆಟ್ಟರಿಗೆ ಬೇಕಾದ ಒಂದು ಒಳ್ಳೆಯ ಮಾತು ಇದೇ ಆಗಬಹುದೇನೋ. ಹೇಳಹೋದರೆ ಆ ವಾಸನೆ ಮೂಗಿಗೆ ಬರುತ್ತದೆ.

ನಾನು ಪಾಠ ಮಾಡುವಾಗ ಅವರು ಹಿಂದಿನ ಸಾಲಿನಲ್ಲಿ, ನೆಲದ ಮೇಲೆ, ಅತ್ಯಂತ ದಡ್ಡ ಮಗುವನ್ನು ಹುಡುಕಿ ಅದರ ಪಕ್ಕ ಕೂರುತ್ತಿದ್ದರು. ಒಂದು ದಿನ ಚೆನ್ನಾಗಿಯೇ ಪಾಠ ಮಾಡಿದೆ. ನನಗೇ ಖುಷಿಯಾಗುವಷ್ಟು. ಗಂಟೆ ಹೊಡೆದ ಮೇಲೆ, ಹೇಗಿತ್ತು ಎಂದು ಕೇಳುವ ದುರ್ಬುದ್ಧಿ ಬಂತು. "ಛಲೋ ಇತ್ರಿ. ನಿಮಗ ಪೂರಾ ಬಾಯಿಪಾಠ ಬಂದದ. ಮಕ್ಕಳಿಗೆ ಯಾವಾಗ ಬರ್ತದ?" ಎಂದು ಎದ್ದು ಸೀರೆಯ ಧೂಳು ಕೊಡವಿಕೊಂಡು ಹೋದರು. ಆ ರಾತ್ರಿ ನಾನು ಊಟ ಬಿಟ್ಟೆ. ನಮ್ಮ ಯಜಮಾನರು ಕಾರಣ ಕೇಳಿ, "ಅವರು ಹೇಳಿದ್ರಲ್ಲಿ ತಪ್ಪೇನಿದೆ," ಎಂದರು. ಎರಡು ದಿನ ಅವರಿಗೂ ಸಾರು ಸಪ್ಪೆಯಾಗಿತ್ತು.

ಅವರು ಯಾವ ಮಗುವಿಗೂ ಕೈ ಎತ್ತಿದವರಲ್ಲ. ಅಷ್ಟು ಸುಲಭವಾಗಿ ಯಾರನ್ನೂ ಬಿಡುತ್ತಿರಲಿಲ್ಲ. ಮಗು ಎದ್ದು ನಿಂತು ಪಾಠ ಓದುತ್ತಿರುತ್ತದೆ, ಎರಡು ಸಾಲು ಸರಾಗವಾಗಿ ಸಾಗುತ್ತದೆ, ಮುಖದ ಮೇಲೆ ಇನ್ನೇನು ನಗೆ ಮೂಡಬೇಕು, ಅಷ್ಟರಲ್ಲಿ ಆ ಸೊಟ್ಟ ಬೆರಳು ಬಂದು ನಾಲ್ಕು ಪುಟ ಮುಂದಕ್ಕೆ ತಿರುವುತ್ತದೆ. "ಇಲ್ಲಿಂದ ಓದು." ಬಾಯಿಪಾಠ ಮಾಡಿಕೊಂಡ ಮಗು ಅಲ್ಲೇ ಕಂಬದ ಹಾಗೆ ನಿಲ್ಲುತ್ತಿತ್ತು. ಆಗ ಅವರು ಬೈಯುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದರು. ಕ್ಲಾಸಿಗೆ ಕ್ಲಾಸೇ ಆ ಮಗುವನ್ನು ನೋಡುತ್ತ ಕೂತಿರಬೇಕು. ಕೊನೆಗೆ ಅದು ಅಳಲು ಶುರು ಮಾಡಿದ ಮೇಲೆ, "ಕೂಡು. ನಿನ್ನ ತಪ್ಪಲ್ಲ," ಎನ್ನುತ್ತಿದ್ದರು. ಯಾರ ತಪ್ಪು ಎಂದು ಹೇಳುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಬಂದರು. ಸಂಘವೆಂದರೆ ಹೆಚ್ಚುಕಮ್ಮಿ ಶೆಟ್ಟರೇ. ಮಕ್ಕಳಿಗೆ ಹಂಚಲು ಒಂದು ಪೆಟ್ಟಿಗೆ ತುಂಬ ಹೊಸ ಪಾಟಿ, ಬಳಪ, ಜೊತೆಗೆ ಕ್ಯಾಮರಾ ಹಿಡಿದ ಅವರ ಸೋದರಳಿಯ. ಮಕ್ಕಳು ಸಾಲಾಗಿ ನಿಂತವು. ಮೊದಲನೆಯ ಮಗುವಿನ ಕೈಗೆ ಪಾಟಿ ಹೋದದ್ದೇ ಮೋಟಾಬೆನ್ ಕೇಳಿದರು.

"ನಿಮ್ಮ ಮಗಳು ಎಲ್ಲಿ ಓದ್ತಾಳ್ರಿ ಶೆಟ್ರ?"

"ಅವಳು ಕಾನ್ವೆಂಟಿಗೆ ಹೋಗ್ತಾಳೆ. ಮನೆ ಹತ್ರವೇ ಬಸ್ ಬರ್ತದೆ ಅಲ್ವಾ, ಹಾಗಾಗಿ."

"ಆಕೀಗೆ ಕನ್ನಡ ಓದಲಿಕ್ಕೆ ಬರ್ತದ?"

"ಮಾತು ಸ್ವಲ್ಪ ಅರ್ಥ ಆಗ್ತದೆ. ಈಗಿನ ಮಕ್ಕಳು, ಎಂತ ಮಾಡುದು."

"ಹಂಗಾರ ಈ ಪಾಟಿ ಆಕೀಗೇ ಕೊಡ್ರಿ. ಬೇಕಾದವರಿಗೆ ಕೊಡಬೇಕು. ಇಲ್ಲೆ ಬಂದು ಫೋಟೋ ತಗಸಬ್ಯಾಡ್ರಿ."

ಶೆಟ್ಟರ ಮುಖ ಕಪ್ಪಿಟ್ಟಿತು. ಅದು ಹೋಗಲಿ, ದೊಡ್ಡವರು, ತಡೆದುಕೊಂಡರು. ಮೋಟಾಬೆನ್ ಆ ಮೊದಲ ಮಗುವಿನ ಕೈಯಿಂದ ಪಾಟಿಯನ್ನು ತೆಗೆದುಕೊಂಡು ಪೆಟ್ಟಿಗೆಗೆ ವಾಪಸು ಇಟ್ಟರು. ಉಳಿದವು ಚಾಚಿದ್ದ ಕೈಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡವು. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಜಾತಿ ಇದು ಎಂದು ನಾನು ಆ ದಿನ ತೀರ್ಮಾನ ಮಾಡಿದೆ. ಯಾವ ದೊಡ್ಡ ತತ್ವ ಹೇಳಿದರೂ ಮಗುವಿನ ಕೈಗೆ ಬಂದ ಪಾಟಿಯನ್ನು ಕಿತ್ತುಕೊಂಡದ್ದು ಕಿತ್ತುಕೊಂಡದ್ದೇ. ಆಮೇಲೆ ಅವರು ನನ್ನ ಕಡೆ ತಿರುಗಿ, "ನಿಮ್ಮ ಮಗ ಎಲ್ಲಿ ಓದ್ತಾನ್ರಿ ಬೆನ್?" ಎಂದರು. ನನ್ನ ಮಗನೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದ. ಹೋಗದೆ ಏನು, ವರ್ಗವಾಗುವ ನೌಕರಿಯವರ ಮಕ್ಕಳು ಇಂಗ್ಲಿಷಿನಲ್ಲಿ ಓದದಿದ್ದರೆ ಊರೂರು ಅಲೆದು ಯಾವ ಭಾಷೆಯೂ ಇಲ್ಲದೆ ಹೋಗುತ್ತವೆ. ಇದನ್ನು ಅವರಿಗೆ ಹೇಳಿದೆ. "ಖರೇ ಅದ," ಎಂದರು. "ಅಂದ್ರ ಈ ಸಾಲಿ ಹ್ಯಾಂಗದ ಅಂತ ನಿಮಗ ನನಕಿಂತ ಮೊದಲ ಗೊತ್ತಿತ್ತು."

ಆಗಿನ್ನೂ ಹೊಲಗಳ ನಡುವೆ ಇದ್ದ ವಸ್ತ್ರಾಪುರದಿಂದ ಒಂದು ಸಲ ಬ್ಯಾಂಕಿನ ಅಧಿಕಾರಿಯೊಬ್ಬರು ಹೆಂಡತಿ ಮಗಳ ಸಮೇತ ಆಟೋ ಮಾಡಿಸಿಕೊಂಡು ಬಂದಿದ್ದರು. ಮೈಸೂರಿನಿಂದ ಹೊಸದಾಗಿ ವರ್ಗವಾಗಿತ್ತು, ಮಗಳು ಕನ್ನಡದಲ್ಲೇ ಕಲಿಯಲಿ ಎಂದು ಆಸೆ. ನಮಗೋ ಒಂದೊಂದು ತಲೆಯೂ ಬೇಕಾಗಿತ್ತು. ಮಕ್ಕಳು ಕಡಿಮೆಯಾದರೆ ವಿಭಾಗ ಮುಚ್ಚುತ್ತಾರೆ ಎಂಬ ಮಾತು ಆಗಲೇ ಹರಡಿತ್ತು. ನಾನು ಆ ಹುಡುಗಿಯ ಗಲ್ಲ ಸವರಿ ಬೆಂಚಿನ ಮೇಲೆ ಕೂರಿಸಿದ್ದೂ ಆಯಿತು. ಮೋಟಾಬೆನ್ ಅವರನ್ನು ನಾಲ್ಕನೆಯ ಇಯತ್ತೆಗೆ ಕರೆದುಕೊಂಡು ಹೋಗಿ, ಒಬ್ಬ ಹುಡುಗನನ್ನು ಎಬ್ಬಿಸಿ, ಎರಡನೆಯ ಇಯತ್ತೆಯ ಪುಸ್ತಕ ಕೊಟ್ಟು ಓದಿಸಿದರು. ಅವನು ಹೆಣಗಿದ. "ನೋಡಿದ್ರಲಾ. ಇನ್ನ ನಡೀರಿ, ಆಟೋದವ ಕಾಯಲಿಕತ್ತಾನ," ಎಂದರು. ಆ ತಾಯಿ ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ತನ್ನ ಅಂಗಡಿಯ ಮುಂದೆ ತಾನೇ ನಿಂತು, ಸಾಮಾನು ಸರಿಯಿಲ್ಲ, ಮುಂದೆ ಹೋಗಿ ಎನ್ನುವ ಅಂಗಡಿಯವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಈಗ ದೇವಮ್ಮನ ವಿಷಯ ಹೇಳಬೇಕು. ಅವಳನ್ನು ಬಿಟ್ಟು ಮೋಟಾಬೆನ್ನರ ಬಗ್ಗೆ ಹೇಳಿದರೆ ಉಪ್ಪಿಲ್ಲದ ಅಡಿಗೆಯಾದೀತು.

ದೇವಮ್ಮ ರಾಯಚೂರಿನ ಕಡೆಯ ಹುಡುಗಿ, ನಾಲ್ಕನೆಯ ಇಯತ್ತೆ. ಅವಳ ಅಪ್ಪನ ಅಂಗೈಯ ಗೆರೆಗಳೆಲ್ಲ ಹಸಿರು, ಎಷ್ಟು ತೊಳೆದರೂ ಹೋಗದ ಕಾರ್ಖಾನೆಯ ಬಣ್ಣ. ಸೊಂಟದ ಮೇಲೆ ಯಾವಾಗಲೂ ಒಂದು ತಮ್ಮ. ಅವಳು ಶಾಲೆಗೆ ಬಂದ ದಿನಕ್ಕಿಂತ ಬಾರದ ದಿನವೇ ಹೆಚ್ಚು. ಅಕ್ಷರ ಒಂದೂ ಬರುತ್ತಿರಲಿಲ್ಲ. ಆದರೆ ಮಾತು ಅಂದರೆ ಮಾತು. ಅವಳ ಅಜ್ಜಿ ಕಥೆಗಳ ಗಣಿ. ಆ ಕಥೆಗಳನ್ನು ಈ ಹುಡುಗಿ ಕಣ್ಣು ಅರಳಿಸಿಕೊಂಡು, ಒಂದು ಕಡೆಯೂ ತಡವರಿಸದೆ, ನದಿ ಹರಿದ ಹಾಗೆ ಹೇಳುತ್ತಿದ್ದಳು.

ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಗುಜರಾತಿನವರು, ಕನ್ನಡದ ಒಂದು ಅಕ್ಷರ ತಿಳಿಯದವರು. "ಭಾಷೆ ಬೇಕಿಲ್ಲ ಬೆನ್, ಕಿವಿ ಸಾಕು," ಎನ್ನುವುದು ಅವರ ಸಿದ್ಧಾಂತ. ಎಲ್ಲ ಭಾಷೆಯ ಶಾಲೆಗಳನ್ನೂ ಅವರು ಹೀಗೇ ಅಳೆಯುತ್ತಿದ್ದರು. ಮಕ್ಕಳ ಉಗುರು ನೋಡುವುದು, ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಒಂದು ಮಗು ಓದುವುದನ್ನು ಕೇಳುವುದು. ತಡವರಿಸದೆ ಓದಿದರೆ ಶಾಲೆ ಚೆನ್ನಾಗಿದೆ, ತಡವರಿಸಿದರೆ ಇಲ್ಲ. ಇದನ್ನು ಕಂಡುಕೊಂಡ ನಮ್ಮ ಹಳೆಯ ಹೆಡ್‌ಮಾಸ್ತರು ದೇವಮ್ಮನ ಕೈಗೆ ಪುಸ್ತಕ ಕೊಟ್ಟು ನಿಲ್ಲಿಸಲು ಶುರು ಮಾಡಿದರು. ಪುಸ್ತಕ ಬಿಚ್ಚಿ ಹಿಡಿದು ಅವಳು ಅಜ್ಜಿಯ ಕಥೆ ಹೇಳುತ್ತಿದ್ದಳು. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಹೊತ್ತಿಗೆ ಸರಿಯಾಗಿ ಪುಟ ತಿರುವುತ್ತಿದ್ದಳು. ಸಾಹೇಬರು ಕಣ್ಣು ಬಿಟ್ಟು, "ಬಹು ಸರಸ್," ಬಹಳ ಚೆನ್ನಾಗಿದೆ, ಎಂದು ಬರೆದುಕೊಂಡು ಶೆಟ್ಟರ ಹೋಟೆಲಿನ ಇಡ್ಲಿ ತಿಂದು ಹೋಗುತ್ತಿದ್ದರು. ಇದನ್ನು ಮೋಸ ಎನ್ನುವವರು ಎನ್ನಲಿ. ಆ ಎರಡು ಕೋಣೆ ಇದ್ದದ್ದರಿಂದ ಅಷ್ಟು ಮಕ್ಕಳು ಅರ್ಧ ದಿನವಾದರೂ ಚರಂಡಿ ಬಿಟ್ಟು ನೆರಳಿನಲ್ಲಿ ಕೂರುತ್ತಿದ್ದವು. ನನಗೆ ಅದು ಸಾಕಾಗಿತ್ತು.

ಮೋಟಾಬೆನ್ ಬಂದ ಹೊಸತರಲ್ಲೇ ಒಂದು ದಿನ ದೇವಮ್ಮನನ್ನು ಎಬ್ಬಿಸಿದರು. ಅವಳು ಅಭ್ಯಾಸದಂತೆ ಪುಸ್ತಕ ಬಿಚ್ಚಿ ಶುರು ಮಾಡಿದಳು. ಬೆರಳು ಬಂತು, ಪುಟ ತಿರುವಿತು. "ಇಲ್ಲಿಂದ ಓದು." ದೇವಮ್ಮ ಒಂದು ಗಳಿಗೆ ಹೊಸ ಪುಟವನ್ನು ನೋಡಿ, ಕಥೆಯನ್ನು ನಿಂತಲ್ಲಿಂದಲೇ ಮುಂದುವರಿಸಿದಳು. ಮೋಟಾಬೆನ್ ಮತ್ತೆ ತಿರುವಲಿಲ್ಲ. ತಲೆ ತಗ್ಗಿಸಿ ಕಥೆಯನ್ನು ಕೊನೆಯವರೆಗೂ ಕೇಳಿದರು. ಒಂದು ಮಗುವಿನ ಮಾತನ್ನು ಅವರು ಪೂರ್ತಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಹೊರಗೆ ಬಂದು ಹೇಳಿದರು: "ಈ ಹುಡುಗಿಗೆ ಓದಲಿಕ್ಕೆ ಬರೂದಿಲ್ಲ. ಓದೂದು ಹ್ಯಾಂಗ ಕಾಣಬೇಕು ಅನ್ನೂದು ಬರ್ತದ. ಇಷ್ಟು ಶ್ಯಾಣ್ಯಾ ಹುಡುಗೀಗೆ ಇದನ್ನ ಕಲಸಲಿಕ್ಕೆ ನಿಮಗ ಮನಸರ ಹ್ಯಾಂಗ ಬಂತು?"

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಲು ಹಿಡಿದರು. ನಾನು ಪಕ್ಕದ ಕೋಣೆಯಲ್ಲಿ ಹಾಜರಿ ಬರೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಕಲಿಸುವುದಲ್ಲ ಅದು, ಚಿತ್ರಹಿಂಸೆ. "ಮತ್ತ ಮರತಿ? ಬಾಯಿ ಎಷ್ಟು ಉದ್ದದ ನೋಡು, ಕೈ ನೋಡು ಹ್ಯಾಂಗ ಸತ್ತದ." ಸೊಂಟದ ಮೇಲಿನ ತಮ್ಮ ಅಳುತ್ತಿದ್ದ, ಇವಳು ಅಳುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಹೇಗೋ ಗೀಚಲು ಕಲಿತಳು, ಅದಕ್ಕಿಂತ ಮುಂದೆ ಹೋಗಲಿಲ್ಲ. ಹೆದರಿದ ಮಗುವಿನ ತಲೆಗೆ ಏನು ಇಳಿಯುತ್ತದೆ.

ಆ ವರ್ಷದ ತಪಾಸಣೆ ಬಂತು. ಅದು ಪ್ರತಿ ವರ್ಷದ ಹಾಗಲ್ಲ. ಸಣ್ಣ ಭಾಷೆಗಳ ವಿಭಾಗಗಳಲ್ಲಿ ಯಾವುದು ಚೆನ್ನಾಗಿಲ್ಲವೋ ಅದನ್ನು ಮುಚ್ಚಿ, ಮಕ್ಕಳನ್ನು ಹಿಂದಿಗೆ ಸೇರಿಸಬೇಕು ಎಂದು ಮೇಲಿನಿಂದ ಹೇಳಿ ಕಳುಹಿಸಿದ್ದರು. ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಸಾಹೇಬರ ಕಿವಿಗೆ ಬಿಟ್ಟದ್ದು. ಶೆಟ್ಟರು ಪಾಟಿಯ ಅವಮಾನ ನುಂಗಿಕೊಂಡು ನನ್ನ ಜೊತೆ ಮೋಟಾಬೆನ್ನರ ಮನೆಗೆ ಬಂದರು. ಅವರು ಜೋಳದ ರೊಟ್ಟಿ ಬಡಿಯುತ್ತಿದ್ದರು, ಬಡಿಯುತ್ತಲೇ ಇದ್ದರು.

"ಈ ಒಂದು ವರ್ಷ ಸುಮ್ಮನಿದ್ದುಬಿಡಿ," ಎಂದೆ. "ಮುಚ್ಚಿದ್ರೆ ಈ ಮಕ್ಕಳು ಹಿಂದಿ ಕ್ಲಾಸಿಗೆ ಹೋಗಲ್ಲ, ಕಾರ್ಖಾನೆಗೆ ಹೋಗ್ತವೆ. ನಿಮಗೂ ಗೊತ್ತು."

"ಗೊತ್ತದ."

"ಮತ್ತೆ?"

"ಸಾಹೇಬ್ರು ಕೇಳದಿದ್ರ ನನ್ನ ಬಾಯಿ ನನ್ನ ಹತ್ರ. ಕೇಳಿದ್ರ ಸುಳ್ಳು ಹೇಳಂಗಿಲ್ಲ."

ನಾವು ನಗುನಗುತ್ತ ಮೆಟ್ಟಿಲಿಳಿದೆವು. ಸಾಹೇಬರು ಯಾವತ್ತೂ ಯಾರನ್ನೂ ಏನೂ ಕೇಳಿದವರಲ್ಲ.

ತಪಾಸಣೆಯ ದಿನ ಎಲ್ಲ ನಡೆಯಬೇಕಾದ ಹಾಗೇ ನಡೆಯಿತು. ಉಗುರು ನೋಡಿದರು. ಕುರ್ಚಿಗೆ ಒರಗಿದರು. ಮೊಗಸಾಲೆಯಲ್ಲಿ ಶೆಟ್ಟರು ತಂದ ಕ್ಯಾರಿಯರಿನಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ನಾನು ದೇವಮ್ಮನನ್ನು ಎಬ್ಬಿಸಿದೆ. "ಏಳು ಮಂದಿ ಅಣ್ಣಂದಿರಿಗೆ ಒಬ್ಬಾಕಿ ತಂಗಿ ಇದ್ಲಂತ," ಎಂದು ಅವಳು ಶುರು ಮಾಡಿದಳು. ಆ ದಿನ ಹೇಳಿದ ಹಾಗೆ ಅವಳು ಎಂದೂ ಹೇಳಿರಲಿಲ್ಲ. ತಂಗಿ ಬಾವಿಗೆ ನೀರಿಗೆ ಹೋದಳು, ಹಗ್ಗ ಹರಿಯಿತು, ಕೊಡ ಮುಳುಗಿತು. ಅಷ್ಟು ಹೊತ್ತಿಗೆ ಸಾಹೇಬರು ಕಣ್ಣು ಬಿಟ್ಟು, "ಬಹು ಸರಸ್," ಎಂದು ಪೆನ್ನಿನ ಮುಚ್ಚಳ ತೆಗೆದರು. ನನಗೆ ಹೋದ ಜೀವ ಬಂತು.

ಆಗ ಸಾಹೇಬರಿಗೆ ಏನು ತೋಚಿತೋ. ಹೊಸದಾಗಿ ಬಂದ ಹೆಂಗಸು, ವಯಸ್ಸಾದವರು, ಒಂದು ಮಾತು ಆಡಿಸೋಣ ಎಂಬ ಬರೀ ಮರ್ಯಾದೆಗೆ ಮೋಟಾಬೆನ್ನರ ಕಡೆ ತಿರುಗಿ ಗುಜರಾತಿಯಲ್ಲಿ, "ಏನಂತೀರಿ ಮೋಟಾಬೆನ್, ಚೆನ್ನಾಗಿ ಓದುತ್ತಾಳಲ್ಲವೇ?" ಎಂದರು.

ಕೇಳಿಬಿಟ್ಟರು.

ಮೋಟಾಬೆನ್ ಮೂಲೆಯಿಂದ ಎದ್ದು ಬಂದರು. ಸೊಟ್ಟ ಬೆರಳು ಹಾಕಿ ಪುಟ ಹಿಂದಕ್ಕೆ ತಿರುವಿದರು. "ಇಲ್ಲಿಂದ ಓದು." ದೇವಮ್ಮ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಬಾವಿಯ ಕಟ್ಟೆಯ ಮೇಲೆ ಅಳುತ್ತ ಕೂತ ತಂಗಿಯ ಕಥೆಯನ್ನು ಮುಂದುವರಿಸಿದಳು. ಮೋಟಾಬೆನ್ ಅವಳ ಕೈಯಿಂದ ಪುಸ್ತಕವನ್ನೇ ತೆಗೆದುಕೊಂಡು ಮುಚ್ಚಿದರು. ಅಷ್ಟಾದರೂ ಹುಡುಗಿ ನಿಲ್ಲಿಸಲಿಲ್ಲ. ಕಥೆಯನ್ನು ಅರ್ಧಕ್ಕೆ ಬಿಟ್ಟರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಪುಸ್ತಕ ಹಿಡಿದಿದ್ದ ಹಾಗೇ ಎರಡೂ ಕೈ ಎದೆಯ ಮುಂದೆ ಇಟ್ಟುಕೊಂಡು, ಕೆನ್ನೆಯ ಮೇಲೆ ನೀರು ಇಳಿಯುತ್ತಿರಲು, ಅಣ್ಣಂದಿರನ್ನೆಲ್ಲ ಬಾವಿಗೆ ಕರೆತಂದು, ಕೊಡ ಎತ್ತಿಸಿ, ತಂಗಿಯನ್ನು ಮನೆಗೆ ಮುಟ್ಟಿಸಿ, "ಅವ್ರು ಅಲ್ಲೇ ಅದಾರ, ನಾವು ಇಲ್ಲೇ ಅದೀವಿ," ಎಂದು ಮುಗಿಸಿದಳು. ಹೊರಗೆ ಶೆಟ್ಟರು ಕ್ಯಾರಿಯರಿನ ಮುಚ್ಚಳ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದರು.

"ಸಾಹೇಬ್," ಎಂದರು ಮೋಟಾಬೆನ್, ಶುದ್ಧವಾದ ಗುಜರಾತಿಯಲ್ಲಿ. "ಈ ಹುಡುಗಿ ನಾಲ್ಕನೆಯ ಇಯತ್ತೆ. ಓದಲು ಬರುವುದಿಲ್ಲ. ಇಷ್ಟು ವರ್ಷ ನೀವು ಬಹು ಸರಸ್ ಎಂದು ಬರೆದದ್ದು ಇವಳಿಗೇ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಇಡ್ಲಿ ತಿನ್ನದೆ ಹೋದರು. ಕಿವಿಯ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡ ಮನುಷ್ಯ ಅಷ್ಟು ಜನರ ಎದುರು ಕಿವುಡನಾದರೆ ಸುಮ್ಮನಿರುತ್ತಾನೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಬೇಸಿಗೆ ರಜೆಯ ಮೊದಲೇ ಕನ್ನಡ ವಿಭಾಗಕ್ಕೆ ಬೀಗ ಬಿತ್ತು. ಎರಡು ಕೋಣೆಯಲ್ಲಿ ಮುರಿದ ಬೆಂಚುಗಳನ್ನು ತುಂಬಿದರು. ನನ್ನ ಕೆಲಸ ಹೋಯಿತು. ಮಕ್ಕಳಲ್ಲಿ ಬೆರಳೆಣಿಕೆಯವು ಹಿಂದಿ ಕ್ಲಾಸಿಗೆ ಹೋದವು, ಉಳಿದವು ಹೋಗುವ ಕಡೆಗೆ ಹೋದವು. "ನಮ್ಮ ಶಾಲೆ ತೆಗೆದುಬಿಟ್ರಲ್ಲ ಮಾರಾಯ್ರೆ," ಎಂದು ಶೆಟ್ಟರು ಕಣ್ಣೀರು ತಂದುಕೊಂಡರೆ ಮೋಟಾಬೆನ್, "ಎಲ್ಲಿತ್ರಿ ಸಾಲಿ?" ಎಂದು ತಿರುಗಿ ಕೇಳಿದರು.

ದೇವಮ್ಮ ಇದ್ದ ಚಾಲಿಗೆ, ಕೂಲಿಯವರ ಸಾಲುಮನೆಗೆ, ನಾನು ಹೋಗಿದ್ದೆ. ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. "ಆಕಿ ಬರಂಗಿಲ್ರಿ ಅಕ್ಕೋರೆ. ಬಣ್ಣ ಆರ ಹಾಕಾಕ ಹೋಗ್ಯಾಳ. ಮಾತೂ ಕಡಿಮಿ ಮಾಡ್ಯಾಳ," ಎಂದಳು. ಒಂದು ಚೊಂಬು ನೀರು ಕೊಟ್ಟಳು, ಕೂರು ಎನ್ನಲಿಲ್ಲ.

ನನ್ನ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ಸಲ ವಟ್ವಾದ ಕಾರ್ಖಾನೆಯೊಂದರ ಗೇಟಿನಲ್ಲಿ ದೇವಮ್ಮನನ್ನು ಕಂಡೆ. ಬಟವಾಡೆಯ ದಿನ. ಸೊಂಟದ ಮೇಲೆ ಈಗ ಅವಳದೇ ಕೂಸು. ಕೂಲಿಯವರ ಮೇಸ್ತ್ರಿ ಮುಕ್ಕಾದಮನ ಮುಂದೆ ಬಗ್ಗಿ, ನೇರಳೆ ಬಣ್ಣ ಹತ್ತಿದ ಹೆಬ್ಬೆಟ್ಟನ್ನು ಒತ್ತಿ ಸಂಬಳ ತೆಗೆದುಕೊಂಡಳು. ಅವನಿಗೆ ಇಂಕು ಬೇಕಾಗಿರಲಿಲ್ಲ. ನನ್ನ ಗುರುತು ಅವಳಿಗೆ ಹತ್ತಲಿಲ್ಲ, ಅಥವಾ ಹತ್ತಿತು.

ಇದನ್ನು ಮೋಟಾಬೆನ್ನರಿಗೆ ಹೇಳಲೇಬೇಕು ಎಂದು ನನಗೆ ಹಟ ಹಿಡಿಯಿತು. ಅವರು ನಿವೃತ್ತರಾಗಿ ಬರೋಡದಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಯಾರದೋ ಮದುವೆಯ ನೆಪ ಮಾಡಿಕೊಂಡು ರೈಲು ಹತ್ತಿದೆ. ನೋಯಿಸಬೇಕೆಂದೇ ಹೋದೆ, ಸುಳ್ಳು ಯಾಕೆ ಹೇಳಲಿ. ಹೋದರೆ ಅವರ ಎರಡೂ ಕಣ್ಣುಗಳು ಪೊರೆ ಬಂದು ಮಂಜಾಗಿದ್ದವು. ದನಿಯಿಂದ ನನ್ನನ್ನು ಗುರುತು ಹಿಡಿದು, ಧಾರವಾಡದಿಂದ ಅಂಚೆಯಲ್ಲಿ ಬಂದ ಹಳೆಯ ಪತ್ರಿಕೆ ಚಾಚಿ, "ಓದ್ರಿ," ಎಂದರು. ಓದಿದೆ. ನಾಲ್ಕು ಸಾಲಾಗುವಷ್ಟರಲ್ಲಿ ಆ ಬೆರಳು ತಡಕಾಡುತ್ತ ಬಂದು ಪುಟ ತಿರುವಿತು. "ಇಲ್ಲಿಂದ ಓದ್ರಿ. ಆ ಪುಟ ಮುಂಜಾನೆ ನನ್ನ ತಮ್ಮ ಓದ್ಯಾನ."

ಪತ್ರಿಕೆ ಮಡಚಿಟ್ಟು ಹೇಳಿದೆ. ದೇವಮ್ಮನನ್ನು ಕಂಡೆ, ಹೆಬ್ಬೆಟ್ಟು ಒತ್ತುತ್ತಾಳೆ. ಅವತ್ತು ನೀವು ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಹೀಗಾಗುತ್ತಿರಲಿಲ್ಲ.

ಅವರು ಪತ್ರಿಕೆಯನ್ನು ತಡಕಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ತಟ್ಟಿತು ಎಂದು ನನಗೆ ಸಮಾಧಾನವಾಯಿತು.

"ಹೆಸರಿನ ಅಕ್ಷರ ಕಲತಿದ್ಲಲಾ ಆಕಿ," ಎಂದರು. "ಅದೂ ಹೋತೇನು." ಆಮೇಲೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು: "ನನ್ನ ಕಡೆ ನಾಕು ತಿಂಗಳು ಇದ್ಲು, ಹೆದರಿಸಿ ಕೆಡಿಸಿದೆ. ನಿಮ್ಮ ಕಡೆ ನಾಕು ವರ್ಷ ಇದ್ಲು, ನೀವು ಮುದ್ದು ಮಾಡಿ ಕೆಡಿಸಿದ್ರಿ. ನಾನೂ ಫೇಲು, ನೀವೂ ಫೇಲು. ಇಷ್ಟು ದೂರ ಬಂದೀರಿ, ನನ್ನ ಮಾರ್ಕಷ್ಟ ಹೇಳಿ ಹೋಗಬ್ಯಾಡ್ರಿ."

ಚಹಾ ಕುಡಿಯದೆ ಎದ್ದು ಬಂದೆ. ಸೂರತ್ತಿನ ಗಾಡಿಯೋ ಅಹಮದಾಬಾದಿನ ಗಾಡಿಯೋ ಎಂದು ನೋಡದೆ ಪ್ಲಾಟ್‌ಫಾರಮ್ಮಿನಲ್ಲಿ ಬಂದು ನಿಂತದ್ದನ್ನು ಹತ್ತಿದೆ. ಅವರನ್ನು ಮತ್ತೆ ಕಾಣಲಿಲ್ಲ.

ಭಾನುವಾರದ ಸಭೆಗೆ ನಾನು ಬರೆದುಕೊಂಡೇ ಹೋದೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ಶಾಲೆ ಮುಚ್ಚಿಸಿದರು. ಮಗುವಿನ ಕೈಯಿಂದ ಪಾಟಿ ಕಿತ್ತುಕೊಂಡರು. ಒಂದು ಹುಡುಗಿಯ ಬಾಯಿ ಕಟ್ಟಿಸಿದರು. ಕೊನೆಗೆ, ಬಹಳ ಯೋಚಿಸಿ, ಶಾಲೆ ಹೇಗಿದೆ ಎಂದು ಕೇಳಿದಾಗ ನಿಜ ಹೇಳಿದವರು ಅವರೊಬ್ಬರೇ ಎಂದು ಕೂಡ ಬರೆದಿದ್ದೆ.

ಮಾಳಿಗೆ ತುಂಬಿತ್ತು. ಕೆಳಗಿನಿಂದ ದೋಸೆಯ ವಾಸನೆ ಏರಿ ಬರುತ್ತಿತ್ತು. ಎದೆಯವರೆಗಿನ ಒಂದು ಫೋಟೋ, ಅದಕ್ಕೆ ಗಂಧದ ಹಾರ. ಮುಂದಿನ ಸಾಲಿನಲ್ಲಿ ಶೆಟ್ಟರ ಮಗಳು, ಅವಳ ಗಂಡ, ನನ್ನ ಮಗ, ಕಾನ್ವೆಂಟಿನ ಆ ಬಸ್ಸಿನಲ್ಲಿ ಹೋದ ಮಕ್ಕಳೆಲ್ಲ ದೊಡ್ಡವರಾಗಿ ಅಪ್ಪ ಅಮ್ಮಂದಿರ ಬಲವಂತಕ್ಕೆ ಬಂದು ಕೂತಿದ್ದರು. ನನ್ನ ಸರದಿ ಬಂತು. ಎದ್ದು ನಿಂತು ಕಾಗದ ಬಿಚ್ಚಿದೆ.

"ಅವರು ನಮಗೆಲ್ಲ ತಾಯಿಯಂತಿದ್ದರು," ಎಂದು ಶುರುವಾಯಿತು. ಕಾಗದದಲ್ಲಿ ಅದು ಇರಲಿಲ್ಲ. ಕನ್ನಡಕ್ಕಾಗಿ ಜೀವ ಸವೆಸಿದವರು ಎಂದೆ. ಮಕ್ಕಳೆಂದರೆ ಪ್ರಾಣ ಎಂದೆ. ಇದೇ ಮಾಳಿಗೆಯಲ್ಲಿ ಇಂಥ ಎಷ್ಟು ಸಭೆಗಳಿಗೆ ಕೂತಿದ್ದೇನೋ, ಆ ಮಾತುಗಳು ತಾವಾಗಿಯೇ ಬಂದವು, ಒಂದು ಕಡೆಯೂ ತಡವರಿಸಲಿಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಹಾಳೆಯನ್ನೂ ಮಗುಚಿದೆ. ಶೆಟ್ಟರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಅದೇನೂ ಸುಳ್ಳಲ್ಲ.

ಮುಗಿದ ಮೇಲೆ ಶೆಟ್ಟರ ಮಗಳು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. "ಬಹು ಸರಸ್, ಆಂಟಿ. ನನಗೆ ಎಲ್ಲಾ ಅರ್ಥ ಆಗ್ಲಿಲ್ಲ, ಆದ್ರೆ ಎಷ್ಟು ಚೆನ್ನಾಗಿ ಓದಿದ್ರಿ."

ನಾನು ಕಾಗದವನ್ನು ಮಡಚಿ ಪರ್ಸಿನೊಳಗೆ ಹಾಕಿಕೊಂಡೆ. ಇಲ್ಲಿಂದ ಓದು ಎನ್ನಬಹುದಾಗಿದ್ದ ಒಬ್ಬರು ಹಾರ ಹಾಕಿಸಿಕೊಂಡು ಗೋಡೆಗೆ ಒರಗಿದ್ದರು. ಕೆಳಗೆ ಬಂದು ಎಲ್ಲರ ಜೊತೆ ಇಡ್ಲಿ ತಿಂದೆ.